ಬಸ್ಸಿಗೊಂದು ಕೋಣೆ

2020ರ ಮೇ ತಿಂಗಳು. ಕುಂದಾಪುರ ಕಡೆಯ ಒಂದು ಗ್ರಾಮ ಪಂಚಾಯತಿಯಲ್ಲಿ ನಾನು ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ. ಮಾರ್ಚ್ ಕೊನೆಗೆ ಉಡುಪಿ ಜಿಲ್ಲೆಯಲ್ಲಿ ಕಂಡದ್ದು ಮೂರೇ ಕೊರೊನಾ ಪ್ರಕರಣ, ಅವರೂ ಗುಣವಾಗಿ ಮನೆ ಸೇರಿದ್ದರು. ಹಸಿರು ವಲಯ ಎಂದು ನಾವೂ ಸ್ವಲ್ಪ ಬೀಗಿದ್ದೆವು. ಅಷ್ಟರಲ್ಲಿ ಮುಂಬಯಿಯವರಿಗೆ ಊರಿಗೆ ಬರಲು ಪಾಸ್ ಸಿಗತೊಡಗಿತು. ನಮ್ಮಲ್ಲಿ ಮುಂಬಯಿ ಹೋಟೆಲಿನ ನಂಟಿಲ್ಲದ ಮನೆ ಕಡಿಮೆ. ಹೋಟೆಲು ಮುಚ್ಚಿದರೆ ಅವರಿಗೆ ಸಂಬಳ ಮಾತ್ರ ಅಲ್ಲ, ಮಲಗುವ ಜಾಗವೂ ಹೋಯಿತು. ಬರದೆ ಏನು ಮಾಡ್ತಾರೆ? ಬಂದವರನ್ನು ಮನೆಗೆ ಬಿಡುವ ಮೊದಲು ಶಾಲೆಯಲ್ಲಿ ಕ್ವಾರಂಟೈನ್‌ನಲ್ಲಿ ಇಡುವ ಕೆಲಸ ನಮ್ಮದು.

ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಪಾಸಿಗೆ ಅರ್ಜಿ ಹಾಕಿದವರ ಪಟ್ಟಿ ಮೇಲಿನಿಂದ ಇಳಿದು ನಮ್ಮ ಕೈಗೆ ಬರುವ ಹೊತ್ತಿಗೆ ಜನ ಶಿರೂರು ಗಡಿ ದಾಟಿರುತ್ತಿದ್ದರು. ಒಂದು ರಾತ್ರಿ ಎರಡು ಗಂಟೆಗೆ ಬಸ್ ಚಾಲಕನ ಫೋನ್: "ಸರ್, ಶಾಲೆ ಗೇಟಿಗೆ ಬೀಗ ಉಂಟಲ್ಲ, ಇವರನ್ನು ಎಲ್ಲಿ ಇಳಿಸೂದು?" ಬೀಗದ ಕೈ ಮುಖ್ಯೋಪಾಧ್ಯಾಯರ ಮನೆಯಲ್ಲಿ, ಅವರ ಮನೆ ನಾಲ್ಕು ಕಿಲೋಮೀಟರ್ ಆಚೆ.

ಮರುದಿನವೇ ಪಟ್ಟಿ ಕಾಯುವುದನ್ನು ಬಿಟ್ಟೆವು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಫೋನ್ ಮಾಡಿದರು. "ನಿಮ್ಮಲ್ಲಿಗೆ ಯಾರಾದರೂ ಬರ್ತಾರಾ?" ಎಂದರೆ ಎಲ್ಲರೂ ಇಲ್ಲವೆಂದೇ ಹೇಳುವವರು, ನೆರೆಹೊರೆಯ ಹೆದರಿಕೆ. ನಮ್ಮ ಒಬ್ಬ ಆಶಾ ಪ್ರಶ್ನೆಯನ್ನೇ ಬದಲಿಸಿದರು: "ಅಮ್ಮ, ಮಾಣಿಗೆ ಶಾಲೆಯಲ್ಲಿ ಊಟಕ್ಕೆ ಕುಚ್ಚಲಕ್ಕಿ ಆಯ್ಕಾ, ಬೆಳ್ತಿಗೆಯಾ?" ಆ ಕಡೆಯಿಂದ ತಕ್ಷಣ: "ಕುಚ್ಚಲಕ್ಕಿಯೇ ಆಯ್ಕ್. ಶುಕ್ರವಾರ ಬತ್ತನಂಬ್ರ್." ಅಂದರೆ ಹುಡುಗ ಶುಕ್ರವಾರ ಬರುತ್ತಾನಂತೆ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಇದಕ್ಕಿಂತ ಚುರುಕಾದ ನಮೂನೆ ಯಾವ ಇಲಾಖೆಯೂ ಕಳಿಸಿದ್ದಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮನೆ, ಫೋನ್, ಬರುವ ದಿನ, ಸಕ್ಕರೆ ಕಾಯಿಲೆ ಮಾತ್ರೆ ಉಂಟೋ ಇಲ್ಲವೋ ಬರೆದಿಟ್ಟೆವು. ಪಟ್ಟಿಗಿಂತ ಎರಡು ದಿನ ಮುಂಚೆ ನಮಗೆ ಸುದ್ದಿ ಸಿಗುತ್ತಿತ್ತು.

ತಪ್ಪೂ ಆಯಿತು, ಅದು ನನ್ನದೇ. ಜಾಗ ಉಳಿಸುವ ಆಸೆಗೆ ಮಂಗಳವಾರ ಬಂದವರ ಹಾಲ್‌ನಲ್ಲಿ ಶುಕ್ರವಾರದವರನ್ನೂ ಸೇರಿಸಿದೆ. ಶುಕ್ರವಾರದ ಒಬ್ಬರಿಗೆ ಪಾಸಿಟಿವ್ ಬಂತು. ಮನೆಗೆ ಹೋಗಲು ಚೀಲ ಕಟ್ಟಿದ್ದವರ ದಿನ ಮತ್ತೆ ಒಂದರಿಂದ ಎಣಿಕೆ. ಒಬ್ಬರು ಬೈಯಲಿಲ್ಲ, ಸುಮ್ಮನೆ ಚೀಲ ಬಿಚ್ಚಿ ಲುಂಗಿ ಹೊರತೆಗೆದರು. ಬೈದಿದ್ದರೆ ವಾಸಿಯಿತ್ತು. ಆಮೇಲೆ ಬಸ್ಸಿಗೊಂದು ಕೋಣೆ, ಬಸ್ಸಿಗೊಂದು ಶೌಚಾಲಯ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬಸ್ ನಂಬರು, ಕೆಳಗೆ ಬಿಡುಗಡೆಯ ತಾರೀಕು. 14 ದಿನ ಇದ್ದದ್ದು ಆದೇಶ ಬದಲಾಗಿ 7 ಆದಾಗ ಒರೆಸಿ ಬರೆಯುವುದಕ್ಕೂ ಸುಲಭ.

ಊಟದ್ದು ಬೇರೆಯೇ ಕತೆ. ಹೊರಗಿನಿಂದ ತರಿಸಿದ ಸಾಂಬಾರು ನೋಡಿ ಅವರು ಮುಖ ಕಿವುಚಿದರು. ಕಿವುಚದೆ? ದಾದರ್‌ನಲ್ಲಿ, ಮಾಟುಂಗದಲ್ಲಿ ದಿನಕ್ಕೆ ನೂರಾರು ಜನರಿಗೆ ಬಡಿಸಿದವರು. "ಸರ್, ಸಾಮಾನು ಕೊಡಿ, ನಾವೇ ಮಾಡ್ಕೊಳ್ತೇವೆ" ಎಂದರು. ಬಿಸಿಯೂಟದ ಅಡುಗೆಕೋಣೆ ಖಾಲಿ ಇತ್ತು. ಆದರೆ ಒಂದು ಕೋಣೆಯವರು ಬೇಯಿಸಿದ್ದನ್ನು ಇನ್ನೊಂದು ಕೋಣೆಗೆ ಬಡಿಸುವಂತಿಲ್ಲ. ಅದಕ್ಕೆ ಆ ಅಡುಗೆಕೋಣೆ ದೊಡ್ಡ ಬಸ್ಸಿನವರಿಗೆ ಮಾತ್ರ, ಅವರದ್ದು ಅವರಿಗೆ. ಉಳಿದವರಿಗೆ ಹೊರಗಿನದ್ದೇ. ಇದು ಆದೇಶದಲ್ಲಿ ಇಲ್ಲ ಎಂದು ವೈದ್ಯಾಧಿಕಾರಿಯವರಿಗೆ ಹೇಳಿದೆ. ಅವರು ಅಡುಗೆಕೋಣೆ ನೋಡಿ, "ಬೇಡ ಅಂತಲೂ ಇಲ್ಲವಲ್ಲ" ಅಂದರು. ಸಂಜೆ ಕಾಂಪೌಂಡಿನ ಹೊರಗೆ ನಿಂತಿದ್ದ ಪೊಲೀಸಿಗೆ ಒಗ್ಗರಣೆಯ ಪರಿಮಳ ಮಾತ್ರ ಸಿಗುತ್ತಿತ್ತು, ಪಾಪ.

ಖರ್ಚಿಗೆ ನಡಾವಳಿ ಬರೆಯಲು ಸಭೆ ಸೇರುವ ಹಾಗಿಲ್ಲ. ಆಮೇಲೆ ಸದಸ್ಯರ ಅವಧಿಯೂ ಮುಗಿದು ಆಡಳಿತಾಧಿಕಾರಿ ಬಂದರು, ಚುನಾವಣೆ ಆದದ್ದು ಡಿಸೆಂಬರಿಗೆ. ತೆಂಗಿನಕಾಯಿಯಿಂದ ಫಿನಾಯಿಲ್‌ವರೆಗೆ ಪ್ರತಿ ಚೀಟಿಯ ಹಿಂದೆ ತಾರೀಕು, ಬಸ್ ನಂಬರು ಬರೆದು ಇಬ್ಬರ ಸಹಿ ಹಾಕಿಸಿಟ್ಟಿದ್ದೆ. ಘಟನೋತ್ತರ ಮಂಜೂರಾತಿಗೆ ಅದೇ ಆಧಾರವಾಯಿತು.

ಮುಂದೆ ಲೆಕ್ಕ ತಪಾಸಣೆಗೆ ಬಂದವರು ಎಲ್ಲ ಚೀಟಿ ನೋಡಿ ಒಂದೇ ಆಕ್ಷೇಪ ಎತ್ತಿದರು: ದಿನಸಿ ಖರೀದಿಯಾಗಿದೆ, ಅಡುಗೆಯವರ ಕೂಲಿ ಪಾವತಿಯ ವೋಚರ್ ಇಲ್ಲ. ನಾನು ಉತ್ತರ ಬರೆದೆ: "ಅಡುಗೆಯವರು ಸದರಿ ಕೇಂದ್ರದಲ್ಲೇ ಕ್ವಾರಂಟೈನ್‌ನಲ್ಲಿದ್ದುದರಿಂದ ಕೂಲಿ ಪಾವತಿಸಿರುವುದಿಲ್ಲ."