ಉಬ್ಬರ ನೋಡಿ ಡ್ಯೂಟಿ: ಬ್ಯೂಫರ್ಟ್‌ನಲ್ಲಿ ನನ್ನ ಅನುಭವ

ನಾನು ಗಂಗೊಳ್ಳಿಯವಳು. ಕೆಲಸ ಫಿಜಿಯೋಥೆರಪಿ. ಅಮೆರಿಕದ ಸೌತ್ ಕೆರೊಲಿನಾದ ಬ್ಯೂಫರ್ಟ್ ಎಂಬ ಸಣ್ಣ ಊರಿನಲ್ಲಿ ಐದು ವರ್ಷ ಮನೆಮನೆಗೆ ಹೋಗಿ ಕಾಲು, ಮಂಡಿ, ಸೊಂಟ ನೆಟ್ಟಗೆ ಮಾಡುವ ಕೆಲಸ ಮಾಡಿದೆ. ಊರಿನ ಹೆಸರನ್ನು ಮೊದಲ ದಿನವೇ ತಪ್ಪು ಹೇಳಿದ್ದೆ. ಪಕ್ಕದ ನಾರ್ತ್ ಕೆರೊಲಿನಾದಲ್ಲಿ ಇದೇ ಸ್ಪೆಲ್ಲಿಂಗಿನ ಊರಿದೆ, ಅದು ಬೋಫರ್ಟ್. ಇದು ಬ್ಯೂಫರ್ಟ್. ಅದಲುಬದಲಾದರೆ ಇಲ್ಲಿನವರು ನಗುತ್ತಾ ತಿದ್ದುತ್ತಾರೆ, ಆದರೆ ತಿದ್ದದೆ ಬಿಡುವುದಿಲ್ಲ.

ಪರೀಕ್ಷೆ, ಲೈಸೆನ್ಸ್, ವೀಸಾ ಕಥೆ ಎಲ್ಲರದ್ದೂ ಒಂದೇ, ಬಿಡಿ. ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಒಳ್ಳೆ ಅಂಕ ಬಂದಿತ್ತು. ಆ ಧೈರ್ಯ ಊರಿನ ಹತ್ತಿರದ ಸೇಂಟ್ ಹೆಲೆನಾ ದ್ವೀಪದ ಮೊದಲ ಮನೆಯ ಜಗಲಿಯಲ್ಲೇ ಇಳಿದುಹೋಯಿತು. ಅಲ್ಲಿಯ ಹಿರಿಯರು ಮಾತಾಡುವುದು ಗಲ್ಲಾ. ದುಡ್ಡಿನ ಪೆಟ್ಟಿಗೆ ಅಲ್ಲ, ಭಾಷೆಯ ಹೆಸರೇ ಅದು. ಗುಲಾಮರಾಗಿ ತಂದ ಆಫ್ರಿಕನ್ನರ ನುಡಿಗಳೂ ಇಂಗ್ಲಿಷೂ ಬೆರೆತು ಬೆಳೆದದ್ದು. ಬಿಡುಗಡೆಯಾದವರಿಗಾಗಿ 1862ರಲ್ಲೇ ಶುರುವಾದ ಪೆನ್ ಶಾಲೆ ಇದ್ದದ್ದು ಈ ದ್ವೀಪದಲ್ಲೇ. ಪೇಟೆಯವರು ಈ ಭಾಷೆಯನ್ನು ಕೆಟ್ಟ ಇಂಗ್ಲಿಷ್ ಎಂದು ನಗುತ್ತಿದ್ದರಂತೆ. ಹಾಸ್ಟೆಲಿನಲ್ಲಿ ನನ್ನ ಕುಂದಾಪ್ರ ಕನ್ನಡಕ್ಕೆ ನಕ್ಕವರು ನೆನಪಾದರು. ಆಮೇಲೆ ಅರ್ಥವಾಗದಿದ್ದಾಗ ಅರ್ಥವಾದಂತೆ ತಲೆ ಆಡಿಸುವುದನ್ನು ಬಿಟ್ಟೆ. "ಇನ್ನೊಮ್ಮೆ ಹೇಳಿ" ಎಂದರೆ ಯಾರೂ ಬೇಸರ ಮಾಡಲಿಲ್ಲ. ನನ್ನ ಹೆಸರಿನ ಮುಂದೆ 'ಮಿಸ್' ಸೇರಿಸಿ ಕರೆಯುತ್ತಿದ್ದರು. ನಮ್ಮಲ್ಲಿ ಹೆಸರಿಗೆ ಅಕ್ಕ ಸೇರಿಸುತ್ತೇವಲ್ಲ, ಹಾಗೆ.

ಕೆಲಸದ ದೊಡ್ಡ ಕಷ್ಟ ಸೇತುವೆ. ಊರಿನಿಂದ ಲೇಡೀಸ್ ಐಲೆಂಡಿಗೆ, ಅಲ್ಲಿಂದ ಸೇಂಟ್ ಹೆಲೆನಾಕ್ಕೆ ದಾರಿ. ಪೇಟೆ ನಡುವಿನ ವುಡ್ಸ್ ಸೇತುವೆ ದೋಣಿ ಬಂದಾಗ ಅಡ್ಡ ತಿರುಗಿ ನಿಲ್ಲುತ್ತದೆ. ಯಾರದೋ ಹಾಯಿದೋಣಿ ಆರಾಮಾಗಿ ಹೋಗುವವರೆಗೆ ನಾವು ಕಾರಿನಲ್ಲಿ ಕೂತಿರಬೇಕು. ನಮ್ಮ ಕಂಪನಿ ಎಣಿಸುವುದು ಎಷ್ಟು ಮನೆ ಮುಗಿಸಿದೆ ಎಂದು ಮಾತ್ರ. ಸೇತುವೆ ಮೇಲೆ ಕಳೆದ ಹೊತ್ತಿಗೆ ಒಂದು ಡಾಲರೂ ಇಲ್ಲ. ಎರಡು ಸಲ ಬರೆದು ಕೇಳಿದೆ, ಉತ್ತರ ಬರಲಿಲ್ಲ. ಕೊನೆಗೆ ದಕ್ಷಿಣದ ಎತ್ತರದ ಮೆಕ್‌ಟೀರ್ ಸೇತುವೆ ಸುತ್ತಿ ಹೋಗುವುದು ಅಭ್ಯಾಸವಾಯಿತು. ಪೆಟ್ರೋಲ್ ಜಾಸ್ತಿ, ತಲೆಬಿಸಿ ಕಡಿಮೆ.

ನೀರಿನ ವಿಷಯ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಹೊಳೆ ಕಡಲು ಸೇರುವ ಜಾಗದಲ್ಲಿ ಹುಟ್ಟಿದವಳಲ್ವಾ. ಆದರೆ ನಮ್ಮಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಾಲ್ಕೈದು ಅಡಿ ವ್ಯತ್ಯಾಸ. ಇಲ್ಲಿ ಏಳೆಂಟು ಅಡಿ. ಬೆಳಿಗ್ಗೆ ತುಂಬಿ ಹೊಳೆಯುತ್ತಿದ್ದ ಕವಲು ಮಧ್ಯಾಹ್ನ ಬರೀ ಕೆಸರು, ಅದರ ತುಂಬ ಮರುವಾಯಿಯ ಅಕ್ಕತಂಗಿಯರಂಥ ಚಿಪ್ಪುಗಳು, ಮೊಟ್ಟೆ ಕೊಳೆತಂಥ ವಾಸನೆ. ಊರಿನವರಿಗೆ ಆ ವಾಸನೆ ಇಷ್ಟ. ಒಂದು ವರ್ಷದ ನಂತರ ನನಗೂ.

ಈ ಏಳೆಂಟು ಅಡಿ ನನಗೆ ಪಾಠ ಕಲಿಸಿದ್ದು ಒಬ್ಬ ಅಜ್ಜನ ಮನೆಯಲ್ಲಿ. ವಯಸ್ಸು ಎಪ್ಪತ್ತು ದಾಟಿತ್ತು. ಮಂಡಿ ಬದಲಿಸಿ ಹತ್ತು ದಿನ. ಕಾಲು 70 ಡಿಗ್ರಿಗಿಂತ ಹೆಚ್ಚು ಮಡಚುತ್ತಿರಲಿಲ್ಲ. ಕುರ್ಚಿಯಿಂದ ಸಲೀಸಾಗಿ ಏಳಬೇಕಾದರೆ 90ರ ಮೇಲೆ ಬೇಕು. ನಿಮಗೆ ಏನು ಮಾಡಲು ಆಗಬೇಕು ಎಂದು ಕೇಳುವುದು ನಮ್ಮ ಕ್ರಮ. ಹೆಚ್ಚಿನವರು ಮೆಟ್ಟಿಲು, ಚರ್ಚು, ಅಂಗಡಿ ಎನ್ನುತ್ತಾರೆ. ಇವರು ಗೋಡೆಯ ಮೊಳೆಗೆ ಕೈ ತೋರಿಸಿದರು. ಬೀಸುಬಲೆ ತೂಗುತ್ತಿತ್ತು. ನಮ್ಮ ಅಪ್ಪನದ್ದೇ ಎನ್ನುವ ಹಾಗೆ, ಅಂಚಿನಲ್ಲಿ ಸೀಸದ ಗುಂಡುಗಳು.

ಅವರ ಹಿತ್ತಲು ಕವಲಿಗೆ ಇಳಿಯುತ್ತದೆ. ಮರದ ಕಾಲುದಾರಿ, ತುದಿಯಲ್ಲಿ ಒಂದು ರ‍್ಯಾಂಪ್, ಅದರ ಕೆಳಗೆ ತೇಲುವ ಕಟ್ಟೆ. ಮೂರನೇ ವಾರ ಒಂದು ಮಧ್ಯಾಹ್ನ ಉತ್ಸಾಹದಲ್ಲಿ ಅಲ್ಲಿಗೆ ನಡೆಸಿಕೊಂಡು ಹೋದೆ. ನೀರು ಪೂರ್ತಿ ಇಳಿದಿತ್ತು. ಕಟ್ಟೆ ನೀರಿನ ಜೊತೆ ಕೆಳಗೆ ಹೋಗಿ ರ‍್ಯಾಂಪ್ ಜಾರುಬಂಡೆಯಂತೆ ನಿಂತಿತ್ತು. ಎರಡು ಹೆಜ್ಜೆ ಇಳಿದ ಮೇಲೆ ಅಜ್ಜನ ತೊಡೆ ನಡುಗತೊಡಗಿತು. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ಸೊಂಟದ ಬೆಲ್ಟ್ ಹಿಡಿದು ಇಂಚಿಂಚು ಹಿಂದಕ್ಕೆ ತಂದೆ. ಅವರು ಬೈಯಲಿಲ್ಲ. "ಕಡಲೂರಿನವಳು ಎಂದಿದ್ದೆಯಲ್ಲ" ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಉಬ್ಬರದ ಪಟ್ಟಿ ಹಿಡಿದು ಕೂತೆ. ಅಮ್ಮ ಕಳಿಸಿದ್ದ ಕನ್ನಡ ಕ್ಯಾಲೆಂಡರ್ ಅಡುಗೆಮನೆಯಲ್ಲಿತ್ತು, ಅದೂ ಕೆಲಸಕ್ಕೆ ಬಂತು. ಹುಣ್ಣಿಮೆ ಅಮಾವಾಸ್ಯೆ ಸುಮಾರಿಗೆ ಅಲ್ಲಿ ಬೆಳಿಗ್ಗೆ ಎಂಟು ಒಂಬತ್ತಕ್ಕೆ ನೀರು ತುಂಬುತ್ತದೆ, ಮಧ್ಯಾಹ್ನ ತಳ ಕಾಣುತ್ತದೆ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಂದರೆ ನಾನು ಹೋಗುವ ಹೊತ್ತನ್ನು ಬದಲಿಸಿದರೆ ರ‍್ಯಾಂಪಿನ ಇಳಿಜಾರೂ ಬದಲಾಗುತ್ತದೆ! ಮೊದಲ ವಾರ ನೀರು ತುಂಬಿದಾಗ, ರ‍್ಯಾಂಪ್ ಹೆಚ್ಚುಕಡಿಮೆ ಸಮವಾಗಿದ್ದಾಗ ನಡೆಸಿದೆ. ಮುಂದಿನ ವಾರ ಒಂದು ಗಂಟೆ ತಡ. ಆಮೇಲೆ ಎರಡು ಗಂಟೆ. ಆಸ್ಪತ್ರೆಯಲ್ಲಿ ಸಾವಿರಾರು ಡಾಲರಿನ ಯಂತ್ರ ಮಾಡುವ ಕೆಲಸವನ್ನು ಚಂದ್ರ ಪುಕ್ಕಟೆ ಮಾಡಿದ. ಬಲೆ ಬೀಸುವುದನ್ನು ಅಂಗಳದಲ್ಲಿ ಒದ್ದೆ ಟವೆಲ್ ಹಿಡಿಸಿ ಅಭ್ಯಾಸ ಮಾಡಿಸಿದೆ. ಭಾರ ಹಿಂಗಾಲಿಗೆ, ಸೊಂಟ ತಿರುಗಿಸಿ, ಭಾರ ಮುಂಗಾಲಿಗೆ. ಅಪ್ಪ ದೋಣಿಯ ತುದಿಯಲ್ಲಿ ನಿಂತು ಮಾಡುತ್ತಿದ್ದದ್ದು ಇದನ್ನೇ. ಚಿಕ್ಕವಳಿದ್ದಾಗ ಸುಮ್ನೆ ನೋಡಿದ್ದೆ.

ಬೇರೆ ಮನೆಗಳಿಗೂ ಇದೇ ಪದ್ಧತಿ ಮಾಡಿಕೊಂಡೆ. ದೊಡ್ಡ ಉಬ್ಬರದ ದಿನ ಯಾವ ತಗ್ಗು ರಸ್ತೆಗೆ ನೀರು ಬರುತ್ತದೆ ಎಂದು ಡೈರಿಯಲ್ಲಿ ಬರೆದಿಡುತ್ತಿದ್ದೆ. 2016ರ ಅಕ್ಟೋಬರಿನಲ್ಲಿ ಮ್ಯಾಥ್ಯೂ ಚಂಡಮಾರುತಕ್ಕೆ ಊರು ಖಾಲಿ ಮಾಡಿ ಎಂದಾಗ ಆ ಡೈರಿ ನೋಡಿಯೇ ಯಾರಿಗೆ ಮೊದಲು ಫೋನ್ ಮಾಡಬೇಕು ಎಂದು ತೀರ್ಮಾನಿಸಿದ್ದು. ಆಕ್ಸಿಜನ್ ಹಚ್ಚಿಕೊಂಡವರು ಮೊದಲು, ತಗ್ಗಿನವರು ಆಮೇಲೆ.

ಅಜ್ಜನ ಮಂಡಿ 115 ಡಿಗ್ರಿಗೆ ಬಂತು. ಮನೆಯಿಂದ ಹೊರಬೀಳಲು ಆಗದವರಿಗೆ ಮಾತ್ರ ಮೆಡಿಕೇರ್, ಅಂದರೆ ಅಲ್ಲಿ ಹಿರಿಯರಿಗಿರುವ ಸರ್ಕಾರಿ ವಿಮೆ, ಮನೆಭೇಟಿಗೆ ಹಣ ಕೊಡುವುದು. ಹಾಗಾಗಿ ಫೈಲ್ ಮುಚ್ಚಿದೆ. ರೋಗಿಗಳಿಂದ ಏನೂ ತೆಗೆದುಕೊಳ್ಳಬಾರದು ಎಂಬ ನಿಯಮ ಬೇರೆ ಇತ್ತು. ಅವರು ಫೈಲ್ ಮುಚ್ಚುವವರೆಗೆ ಕಾದು, ಮುಂದಿನ ಶನಿವಾರ ಕರೆದರು.

ಇಳಿತದ ಹೊತ್ತು. ಕಡಿದಾದ ರ‍್ಯಾಂಪ್ ಅವರೇ ಮೊದಲು ಇಳಿದರು. ಮೊದಲ ಬೀಸಿಗೆ ಬಲೆ ಅರ್ಧಚಂದ್ರದ ಹಾಗೆ ಬಿತ್ತು, ಎರಡನೆಯದಕ್ಕೆ ಗುಂಡಗೆ ಅರಳಿತು. ಒಂದು ಹಿಡಿ ಸಿಗಡಿ, ನಮ್ಮ ಕಡೆಯ ಚಟ್ಲಿಗಿಂತ ಸ್ವಲ್ಪ ಬಿಳಿ. ಆಮೇಲೆ ಬಲೆಯನ್ನು ನನ್ನ ಕೈಗೆ ಕೊಟ್ಟರು. ನಮ್ಮಲ್ಲಿ ಬಲೆ ಗಂಡಸರದ್ದು, ಮೀನಿನ ಬುಟ್ಟಿ ಹೆಂಗಸರದ್ದು. ಅಪ್ಪನ ಬಲೆಯನ್ನು ಒಣಗಿಸಿದ್ದೇನೆ, ಬೀಸಿದ್ದಿಲ್ಲ. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿ ಎಂದರು. ಬಾಯಿ ತುಂಬ ಉಪ್ಪು, ಕೆಸರು. ತಿರುಗಿ ಬೀಸಿದೆ. ಬಲೆ ಮುದ್ದೆಯಾಗಿ ಧೊಪ್ಪೆಂದು ಬಿತ್ತು.

"ಭಾರ ಹಿಂಗಾಲಿಗೆ" ಎಂದರು ಅಜ್ಜ.