ಸಿನಿಮಾಕ್ಕೆ ಅಂತ ಅತಿ ಅಗಲದ ಟಿವಿ ಹುಡುಕುವ ಮುಂಚೆ

ಸಿನಿಮಾ ಹಾಕಿದಾಗ ಟಿವಿಯಲ್ಲಿ ಮೇಲೆ, ಕೆಳಗೆ ಕಪ್ಪು ಪಟ್ಟಿ ಬರುತ್ತದೆ ಅಲ್ವಾ? ಅದು ಟಿವಿಯ ದೋಷ ಅಲ್ಲ. ಎಷ್ಟೋ ಸಿನಿಮಾಗಳ ಅಗಲ-ಎತ್ತರದ ಅನುಪಾತ 2.39:1, ನಮ್ಮ ಟಿವಿಯದು 16:9, ಅಂದರೆ ಸುಮಾರು 1.78:1. ಎತ್ತರದಲ್ಲಿ ಸುಮಾರು ಕಾಲು ಭಾಗ ಖಾಲಿ ಉಳಿಯುತ್ತದೆ.

ಇದಕ್ಕೆ ಅಂತಲೇ ಫಿಲಿಪ್ಸ್ 2009ರಲ್ಲಿ 56 ಇಂಚಿನ 21:9 ಟಿವಿ ತಂದಿತ್ತು. ಪರದೆ ತುಂಬಾ ಸಿನಿಮಾ, ನಿಜಕ್ಕೂ ಚೆಂದ. ಆದರೆ ಸುದ್ದಿ, ಧಾರಾವಾಹಿ ಹಾಕಿದರೆ ಪಟ್ಟಿ ಎಡಬಲಕ್ಕೆ ಬರುತ್ತದೆ. ಇನ್ನೊಂದು ತೊಂದರೆ ಸಬ್‌ಟೈಟಲ್. ಬ್ಲೂ-ರೇ ಡಿಸ್ಕಿನ ಚಿತ್ರದ 1080 ಅಡ್ಡ ಸಾಲುಗಳಲ್ಲಿ ಇಂಥ ಸಿನಿಮಾಕ್ಕೆ ಸಿಗೋದು ಸುಮಾರು 800, ಮಿಕ್ಕಿದ್ದು ಕಪ್ಪು ಪಟ್ಟಿ. ಅಷ್ಟನ್ನೇ ಹಿಗ್ಗಿಸಿ ಪರದೆ ತುಂಬಿಸುವಾಗ, ಪಟ್ಟಿಯ ಮೇಲೆ ಬರೆದ ಸಬ್‌ಟೈಟಲ್‌ನ ಕೆಳಗಿನ ಸಾಲು ಕತ್ತರಿಸಿ ಹೋಗಬಹುದು. ಸಂಭಾಷಣೆ ಅರ್ಧ ಓದಿ ಸಿನಿಮಾ ನೋಡೋದು ತುಂಬಾ ಬೇಜಾರು.

ನನ್ನ ಸಲಹೆ ಇಷ್ಟೇ: ಗೋಡೆಯ ಅಗಲ ಅಳೆದು, ಹಿಡಿಸುವಷ್ಟು ದೊಡ್ಡ 16:9 ಟಿವಿ ತಗೊಳ್ಳಿ. 65 ಇಂಚಿನ ಟಿವಿಯ ಅಗಲ ಸುಮಾರು 144 ಸೆಂ.ಮೀ. ಅದರಲ್ಲಿ 2.39:1 ಸಿನಿಮಾ 60 ಸೆಂ.ಮೀ. ಎತ್ತರಕ್ಕೆ ಕಾಣುತ್ತದೆ. ಅಂದರೆ ಮೂಲೆಯಿಂದ ಮೂಲೆಗೆ ಸುಮಾರು 61 ಇಂಚಿನ ಅತಿ ಅಗಲದ ಪರದೆ ಸಿಕ್ಕಂತೆ ಆಯಿತು. ಕಪ್ಪು ಪಟ್ಟಿ ಕಣ್ಣಿಗೆ ಚುಚ್ಚುತ್ತದೆ ಅನ್ನೋರು ಓಎಲ್‌ಇಡಿ ಟಿವಿ ನೋಡಿ. ಅದರಲ್ಲಿ ಪ್ರತಿ ಪಿಕ್ಸೆಲ್ (ಚಿತ್ರದ ಚುಕ್ಕಿ) ತಾನೇ ಬೆಳಗುತ್ತದೆ; ಕಪ್ಪು ಜಾಗದ್ದು ಪೂರ್ತಿ ಆರಿರುತ್ತದೆ, ಕತ್ತಲೆ ಕೋಣೆಯಲ್ಲಿ ಪಟ್ಟಿ ಇರೋದೇ ಗೊತ್ತಾಗಲ್ಲ.

ಹಾಂ, ಪಟ್ಟಿ ಹೋಗಲಿ ಅಂತ ಸುಮ್ನೆ ಜೂಮ್ ಒತ್ತಬೇಡಿ. ಚಿತ್ರದ ಅಂಚಿನಲ್ಲಿ ನಿಂತ ಪಾತ್ರಗಳೇ ಮಾಯವಾಗುತ್ತವೆ.