ಬಿಗಿದ ಕೀಲಿಗೆ ಎಷ್ಟು ಚಲನೆ ಬೇಕು?

ರುಮಟಾಯ್ಡ್ ಸಂಧಿವಾತವೆಂದರೆ ವಯಸ್ಸಾಗಿ ಕೀಲು ಸವೆಯುವುದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದು ಉರಿಯೂತ ಎಬ್ಬಿಸುತ್ತದೆ. ಬಹಳ ಮಂದಿಗೆ ಎರಡೂ ಕೈಗಳ ಗೆಣ್ಣು, ಮಣಿಕಟ್ಟು, ಪಾದದ ಮುಂಭಾಗ ಊದಿಕೊಳ್ಳುತ್ತವೆ. ಮನೆಯವರು ‘ನೀನೇನೂ ಮಾಡಬೇಡ, ಕೂತಿರು’ ಎನ್ನುತ್ತಾರೆ. ಅಕ್ಕರೆಯ ಮಾತೇ, ಆದರೆ ಅದರಿಂದ ಹಾನಿಯಾಗುತ್ತದೆ. ಈ ಕಾಯಿಲೆ ಸ್ನಾಯುಗಳನ್ನೂ ಕರಗಿಸುತ್ತದೆ. ಕೂತಷ್ಟೂ ತೊಡೆ ಸೊರಗಿ, ಭಾರವೆಲ್ಲ ಮೊಣಕಾಲಿನ ಮೇಲೇ ಬೀಳುತ್ತದೆ. ಹೃದ್ರೋಗದ ಅಪಾಯವೂ ಈ ರೋಗಿಗಳಲ್ಲಿ ಹೆಚ್ಚು. ಹಾಗೆಂದು ಮಾತ್ರೆ ಬಿಟ್ಟು ವ್ಯಾಯಾಮಕ್ಕಿಳಿಯಬಾರದು. ಉರಿಯೂತ ಹತೋಟಿಯಲ್ಲಿದ್ದರೆ ಮಾತ್ರ ಸ್ನಾಯು ಚೇತರಿಸಿಕೊಳ್ಳುತ್ತದೆ.

‘ದಿನವಿಡೀ ಮನೆಗೆಲಸ ಮಾಡುತ್ತೇನಲ್ಲ, ಅದು ಸಾಲದೇ?’ ಎಂದು ಕೇಳುವವರು ಬಹಳ. ಸಾಲದು. ಬಟ್ಟೆ ಹಿಂಡುವುದು, ಕಾಯಿ ತುರಿಯುವುದು, ರೊಟ್ಟಿ ತಟ್ಟುವುದು ಎಲ್ಲವೂ ನೋಯುವ ಅದೇ ಸಣ್ಣ ಕೀಲುಗಳನ್ನು ದಣಿಸುತ್ತವೆ. ತೊಡೆಗೂ ಹೃದಯಕ್ಕೂ ಬೇಕಾದಷ್ಟು ಕೆಲಸ ಸಿಗುವುದಿಲ್ಲ.

ಸಮಯ

ಬೆಳಗಿನ ಬಿಗಿತ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಡುತ್ತದೆ. ಆಗ ಬಿರುಸಿನ ವ್ಯಾಯಾಮ ಬೇಡ. ಹಾಸಿಗೆಯಲ್ಲೇ ಪಾದ, ಮೊಣಕಾಲು, ಮಣಿಕಟ್ಟು, ಭುಜಗಳನ್ನು ಐದೈದು ಸಲ ನಿಧಾನವಾಗಿ ಆಡಿಸಿ ಏಳಿ. ಕೈಗಳನ್ನು ಐದು–ಹತ್ತು ನಿಮಿಷ ಹದವಾದ ಬಿಸಿನೀರಿನಲ್ಲಿಡಿ. ಮುಖ್ಯ ವ್ಯಾಯಾಮ ಬಿಗಿತ ಸಡಿಲಿಸಿದ ಮೇಲೆ. ಈ ಕಾಯಿಲೆಗೆ ಕೊಡುವ ಮೆಥೋಟ್ರೆಕ್ಸೇಟ್ ಎಂಬ ಔಷಧಿಯನ್ನು ವಾರಕ್ಕೊಮ್ಮೆ ತೆಗೆದುಕೊಳ್ಳುವ ಕೆಲವರಿಗೆ ಮರುದಿನ ಸುಸ್ತು, ವಾಕರಿಕೆ ಇರುತ್ತದೆ. ಅಂಥವರು ಆ ದಿನವನ್ನು ಹಗುರವಾಗಿಟ್ಟುಕೊಳ್ಳುವುದು ಜಾಣತನ.

ಕೈಗೆ

ಇಂಗ್ಲೆಂಡಿನಲ್ಲಿ 490 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೇಳಿಕೊಟ್ಟ ಕೈ ವ್ಯಾಯಾಮವನ್ನು ಮನೆಯಲ್ಲೂ ಮುಂದುವರಿಸಿದವರ ಕೈಗಳ ಕೆಲಸ ವರ್ಷದ ನಂತರವೂ ಉತ್ತಮವಾಗಿತ್ತು, ನೋವು ಹೆಚ್ಚಿರಲಿಲ್ಲ. ಅಂಥ ವ್ಯಾಯಾಮಗಳಲ್ಲಿ ಮನೆಯಲ್ಲಿ ಸುಲಭವಾಗಿ ಮಾಡಬಹುದಾದದ್ದು ಇದು: ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು, ತೋರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಹೆಬ್ಬೆರಳಿನ ಕಡೆಗೆ ಜರುಗಿಸಿ. ಐದು ಸಲ ಸಾಕು. ಈ ಕಾಯಿಲೆಯಲ್ಲಿ ಬೆರಳುಗಳು ಕಿರುಬೆರಳಿನ ಕಡೆಗೆ ವಾಲುತ್ತವೆ, ಅದಕ್ಕೇ ಚಲನೆ ಎದುರು ದಿಕ್ಕಿಗೆ. ಬಳಿಕ ಚಪಾತಿ ಹಿಟ್ಟಿನ ಉಂಡೆಯನ್ನು ಮೆಲ್ಲಗೆ ಅದುಮಿ ಬಿಡಿ, ಎಂಟು–ಹತ್ತು ಸಲ. ಗಟ್ಟಿ ರಬ್ಬರ್ ಚೆಂಡು ಬೇಡ. ಊದಿದ ಗೆಣ್ಣಿನ ಮೇಲೆ ಅದರ ಒತ್ತಡ ವಿಪರೀತ.

ಕಾಲಿಗೆ

ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿಡಿ. ಕೈ ಊರದೆ ಎದ್ದು, ಮೂರು ಎಣಿಸುತ್ತ ನಿಧಾನವಾಗಿ ಕುಳಿತುಕೊಳ್ಳಿ. ಐದು ಸಲ, ನಡುವೆ ವಿಶ್ರಾಂತಿ, ಮತ್ತೆ ಐದು ಸಲ. ಹೀಗೆ ವಾರಕ್ಕೆರಡು ದಿನ. ಏಳಲಾಗದಿದ್ದರೆ ಕುರ್ಚಿಯ ಮೇಲೊಂದು ದಪ್ಪ ದಿಂಬು ಹಾಕಿ ಎತ್ತರಿಸಿ. ಕೈಯೂರಿ ಏಳುವ ಅಭ್ಯಾಸವಾದರೆ ತೊಡೆ ತಪ್ಪಿಸಿಕೊಳ್ಳುತ್ತದೆ, ಮಣಿಕಟ್ಟು ನೋಯುತ್ತದೆ.

ನಡಿಗೆ ಹತ್ತು ನಿಮಿಷದಿಂದ ಶುರುವಾಗಲಿ. ವಾರಕ್ಕೆ ಎರಡೋ ಮೂರೋ ನಿಮಿಷ ಸೇರಿಸುತ್ತ ಹೋಗಿ. ಮಾತಾಡಬಹುದು, ಹಾಡಲಾಗದು ಎನ್ನುವಷ್ಟು ವೇಗ ಸರಿ. ವಾರಕ್ಕೆ 150 ನಿಮಿಷ ಗುರಿ, ತಲುಪಲು ತಿಂಗಳುಗಳೇ ಹಿಡಿಯಲಿ. ಬೆರಳ ಸಂದಿಗೆ ಪಟ್ಟಿ ಇರುವ ತೆಳು ಚಪ್ಪಲಿ ಬಿಟ್ಟು, ಮುಂಭಾಗ ಅಗಲವಾಗಿರುವ, ಮೆತ್ತನೆಯ ಅಟ್ಟೆಯ ಶೂ ಹಾಕಿ.

ಹೆಚ್ಚಾಯಿತೆಂದು ತಿಳಿಯುವುದು ಹೇಗೆ?

ವ್ಯಾಯಾಮ ಮುಗಿದು ಎರಡು ಗಂಟೆಯಾದ ಮೇಲೂ ಕೀಲುನೋವು ಮೊದಲಿಗಿಂತ ಹೆಚ್ಚಿದ್ದರೆ, ಅಥವಾ ಮರುದಿನ ಬೆಳಗಿನ ಬಿಗಿತ ಉದ್ದವಾದರೆ, ಪ್ರಮಾಣ ಅತಿಯಾಗಿದೆ. ಮುಂದಿನ ಸಲ ಕಾಲುಭಾಗವೋ ಅರ್ಧವೋ ಕಡಿಮೆ ಮಾಡಿ, ಆದರೆ ಪೂರ್ತಿ ಬಿಡಬೇಡಿ. ಕೀಲಿನ ನೋವಿಲ್ಲದೆ ತೊಡೆಯ ಸ್ನಾಯು ಮಾತ್ರ ಒಂದೆರಡು ದಿನ ನೋಯುತ್ತಿದ್ದರೆ ಹೆದರುವಂಥದ್ದೇನಲ್ಲ. ಬಹುಪಾಲು ಜನ ಎಡವುವುದು ಚೆನ್ನಾಗಿರುವ ದಿನದಂದು: ಮೈ ಹಗುರವಾಗಿದೆಯೆಂದು ಒಂದೇ ದಿನ ಮುಕ್ಕಾಲು ಗಂಟೆ ನಡೆದು, ಆಮೇಲೆ ವಾರವಿಡೀ ಮಲಗುತ್ತಾರೆ.

ಯೋಗ ಮಾಡುವವರಿಗೆ

ಸೂರ್ಯನಮಸ್ಕಾರದಲ್ಲಿ ಅಂಗೈಯೂರಿದಾಗ ಭಾರವೆಲ್ಲ ಬಾಗಿದ ಮಣಿಕಟ್ಟಿಗೆ ಬೀಳುತ್ತದೆ. ಬದಲಿಗೆ ಮುಂಗೈಯನ್ನು ಗೋಡೆಗಾನಿಸಿ ದೇಹವನ್ನು ಮುಂದಕ್ಕೆ–ಹಿಂದಕ್ಕೆ ತನ್ನಿ. ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಬೇಡವೇ ಬೇಡ. ಬಹುಕಾಲದ ಕಾಯಿಲೆಯಲ್ಲಿ ಕತ್ತಿನ ಮೇಲ್ತುದಿಯ ಮೂಳೆಗಳ ಕಟ್ಟು ಸಡಿಲಾಗಿರಬಹುದು. ಅಲ್ಲಿ ಒತ್ತಡ ಬಿದ್ದರೆ ಬೆನ್ನುಹುರಿಗೇ ಅಪಾಯ. ಕತ್ತು ಬಗ್ಗಿಸಿದಾಗ ಬೆನ್ನಿನಲ್ಲಿ ಕರೆಂಟ್ ಹೊಡೆದಂತಾದರೆ, ಕೈಕಾಲು ಜೋಮು ಹಿಡಿದರೆ ವ್ಯಾಯಾಮವೆಲ್ಲ ನಿಲ್ಲಿಸಿ ತಕ್ಷಣ ವೈದ್ಯರ ಬಳಿ ಹೋಗಿ.

ಕಾಯಿಲೆ ಕೆರಳಿದಾಗ

ಹಿಟ್ಟಿನ ಉಂಡೆ, ಕುರ್ಚಿ ಏಳುವಿಕೆ, ದೂರದ ನಡಿಗೆ ಬಿಡಿ. ಆದರೂ ಪ್ರತಿ ಕೀಲನ್ನು ದಿನಕ್ಕೆರಡು ಸಲ, ಹೋಗುವಷ್ಟು ದೂರ ಮಾತ್ರ, ನಿಧಾನವಾಗಿ ಆಡಿಸಿ. ಕಾಲು ನೀಡಿ ಕುಳಿತು, ಮೊಣಕಾಲು ಮಡಚದೆ ತೊಡೆಯನ್ನು ಐದು ಎಣಿಸುವವರೆಗೆ ಬಿಗಿಹಿಡಿದು ಬಿಡಿ. ಕೀಲು ಅಲುಗದೆ ಸ್ನಾಯುವಿಗೆ ಕೆಲಸ ಸಿಗುತ್ತದೆ. ಮಲಗುವಾಗ ಮೊಣಕಾಲಡಿ ದಿಂಬು ಹಿತವೆನಿಸುತ್ತದೆ ನಿಜ, ಆದರೆ ಅದೇ ರೂಢಿಯಾದರೆ ಕಾಲು ಮಡಚಿದಂತೆಯೇ ಬಿಗಿದುಕೊಳ್ಳುತ್ತದೆ.

ಉಳಿದ ಕೀಲುಗಳು ಇದ್ದಂತೆಯೇ ಇದ್ದು ಒಂದೇ ಕೀಲು ದಿಢೀರನೆ ಊದಿ, ಕೆಂಪಗೆ ಬಿಸಿಯಾಗಿದ್ದರೆ ಅದನ್ನು ಕೆರಳಿಕೆಯೆಂದು ಮನೆಯಲ್ಲಿ ಕಾಯಬಾರದು. ಕೀಲಿನೊಳಗೆ ಸೋಂಕಾಗಿರಬಹುದು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ಸೇವಿಸುವವರಿಗೆ ಜ್ವರ ಕಾಣಿಸದೆಯೂ ಇರಬಹುದು. ಅಂದೇ ಆಸ್ಪತ್ರೆಗೆ ಹೋಗಿ.